ಮಗುವಿಲ್ಲದ ಹೆಸರು

ಎರಡು ಗಾಡಿ ಸೌದೆ ಉರಿದು ಬೂದಿಯಾದರೂ ಹೆಪ್ಪುಗಟ್ಟಿದ ನೆಲ ಒಂದು ಮೊಳಕ್ಕಿಂತ ಹೆಚ್ಚು ಬಾಯಿ ಬಿಡಲಿಲ್ಲ. ದೆಶೆಂಗ್ ಹಾರೆ ಎತ್ತಿ ಇನ್ನೊಮ್ಮೆ ಹೊಡೆದ. ಬಂಡೆಗೆ ಬಿದ್ದ ಹಾಗೆ ಹಾರೆ ಠಣ್ಣೆಂದು ಚಿಮ್ಮಿ ಅವನ ಮೊಣಕೈವರೆಗೂ ಜುಮ್ಮೆನಿಸಿತು. ಸತ್ತ ದೊಡ್ಡಮ್ಮನ ಮೇಲೆಯೇ ಅವನು ಗೊಣಗಿದ. ಬದುಕಿದ್ದಾಗ ಯಾರ ಮಾತಿಗೂ ಬಗ್ಗದವಳು, ಹೋಗುವಾಗಲೂ ವರ್ಷದ ಅತಿ ಕೆಟ್ಟ ಚಳಿಯನ್ನೇ ಹುಡುಕಿಕೊಂಡು ಹೋದಳು ಎಂದ. ಜೊತೆಗಿದ್ದ ನಾಲ್ವರು ನಕ್ಕರು. ನಕ್ಕಾಗ ಹೊರಟ ಹಬೆ ಅವರವರ ಮೀಸೆಯ ಮೇಲೇ ಹೆಪ್ಪುಗಟ್ಟಿತು.

ಲಾಯ್‌ದಿ ಬಿಸಿ ಮಾಡಿದ ಜೋಳದ ಸಾರಾಯಿಯ ಕೆಟಲು ಹಿಡಿದು ಗುಡ್ಡ ಹತ್ತಿ ಬಂದಿದ್ದಳು. ತಲೆಗೆ ಕಟ್ಟಿದ ಬಿಳಿ ಬಟ್ಟೆಯ ತುದಿ ಬೆನ್ನ ಮೇಲೆ ಇಳಿಬಿದ್ದಿತ್ತು. ತೀರಿಕೊಂಡ ಮೆಂಗ್ ಸೂಯುನ್ ಅವಳ ತಾಯಿ, ಊರಿಗೆಲ್ಲ ತೋಫು ಅಜ್ಜಿ. ಇವತ್ತು ಮೂರನೆಯ ದಿನ. ಸೂರ್ಯ ನೆತ್ತಿಗೆ ಬರುವ ಮೊದಲು ಮಣ್ಣು ಮಾಡಬೇಕು. ಅಷ್ಟರಲ್ಲಿ ಜಿಲ್ಲಾ ಕಚೇರಿಯ ಜೀಪು ಒಬ್ಬ ಅತಿಥಿಯನ್ನು ಕರೆದುಕೊಂಡು ಬರುವುದಿತ್ತು.

ಸಾರಾಯಿ ಕುಡಿದ ದೆಶೆಂಗ್ ಕಾಲಿನಿಂದ ಪಕ್ಕದ ಮಣ್ಣಿನ ಗುಪ್ಪೆಯನ್ನು ತೋರಿಸಿದ. ಲಾಯ್‌ದಿಯ ತಂದೆಯ ಗೋರಿಯ ಎಡಗಡೆ, ಸರಿಯಾಗಿ ಹೆಂಡತಿಗೆ ಸಲ್ಲಬೇಕಾದ ಜಾಗಕ್ಕೆ ಅಂಟಿಕೊಂಡು, ಒಂದು ಪುಟ್ಟ ದಿಬ್ಬವಿತ್ತು. ಕಲ್ಲಿಲ್ಲ, ಹೆಸರಿಲ್ಲ.

"ಅಕ್ಕ, ಇದು ಅಡ್ಡ ಬರ್ತಿದೆ. ಸಮ ಮಾಡಿಬಿಡ್ತೀವಿ. ಯಾವುದೋ ದಿಕ್ಕಿಲ್ಲದ್ದು."

ಅದು ದಿಕ್ಕಿಲ್ಲದ್ದು ಎಂದೇ ಲಾಯ್‌ದಿಯೂ ತಿಳಿದಿದ್ದಳು. ಪ್ರತಿ ವಸಂತದಲ್ಲಿ ಹಿರಿಯರ ಗೋರಿ ಗುಡಿಸಲು ಬಂದಾಗ ಅಮ್ಮ ಅದರ ಮುಂದೆಯೂ ಸತ್ತವರಿಗೆ ಸಲ್ಲುವ ಒಂದು ಹಿಡಿ ಕಾಗದ ಸುಡುತ್ತಿದ್ದಳು. ಕೇಳಿದರೆ, ಪಾಪ ಯಾರದೋ, ಸುಟ್ಟರೆ ನಮ್ಮ ಗಂಟೇನು ಹೋಗುತ್ತದೆ ಎನ್ನುತ್ತಿದ್ದಳು. ಲಾಯ್‌ದಿ ಹೂಂ ಅನ್ನುವಷ್ಟರಲ್ಲಿ ಕೆಳಗಿನಿಂದ ಒಂದು ದನಿ ಬಂತು.

"ಹಾರೆ ಕೆಳಗಿಡು."

ದೆಶೆಂಗ್‌ನ ತಾಯಿ, ಲಾಯ್‌ದಿಯ ಚಿಕ್ಕಮ್ಮ, ಕೋಲೂರಿಕೊಂಡು ಏದುಸಿರು ಬಿಡುತ್ತ ಬರುತ್ತಿದ್ದಳು. ಮಂಡಿ ನೋವಿನಿಂದ ಎರಡು ವರ್ಷದಿಂದ ಅಂಗಳ ದಾಟದವಳು ಈ ಹಿಮದಲ್ಲಿ ಗುಡ್ಡ ಹತ್ತಿದ್ದಳು. ಬಂದವಳೇ ಆ ದಿಬ್ಬದ ಮೇಲೆ ಕೋಲನ್ನು ಅಡ್ಡ ಇಟ್ಟಳು.

"ಇದನ್ನ ಮುಟ್ಟಿದ್ರೆ ನಾನು ಇಲ್ಲೇ ಮಲಗ್ತೀನಿ. ನನಗೂ ಸೇರಿಸಿ ಒಂದು ತೋಡು."

"ಹಾಗಾದ್ರೆ ಅಮ್ಮ, ದೊಡ್ಡಮ್ಮನ್ನ ಎಲ್ಲಿ ಇಡೋದು? ಬಲಗಡೆ ಇಟ್ರೆ ಊರು ನಗಲ್ವಾ?"

"ನಗಲಿ. ಬಲಗಡೆ ತೋಡು."

ಇಷ್ಟು ಹೇಳುವಾಗ ಚಿಕ್ಕಮ್ಮ ಮಗನ ಮುಖ ನೋಡಲಿಲ್ಲ. ಲಾಯ್‌ದಿಯನ್ನು ನೋಡಿದಳು. ಆ ನೋಟ ಎಂಥದೆಂದು ಲಾಯ್‌ದಿಗೆ ತಿಳಿಯಲಿಲ್ಲ, ಆದರೆ ಮೂರು ದಿನದಿಂದ ಮನಸ್ಸಿನ ಮೂಲೆಯಲ್ಲಿ ಕೂತಿದ್ದ ಹೆದರಿಕೆ ಎದ್ದು ನಿಂತಿತು. ಅಮ್ಮನ ಎಡಗಣ್ಣು ಪೂರ್ತಿ ಮುಚ್ಚಿರಲಿಲ್ಲ. ಎಷ್ಟು ಸಲ ನೇವರಿಸಿದರೂ ಕೂದಲೆಳೆಯಷ್ಟು ತೆರೆದೇ ಉಳಿದಿತ್ತು. ಹೇಳಬೇಕಾದ್ದನ್ನು ಹೇಳದೆ ಹೋದವರ ಕಣ್ಣು ಹಾಗೆ ಎಂದು ಮೀಯಿಸಲು ಬಂದ ಹೆಂಗಸರು ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು.

*

ತಾನು ಈ ಊರಿನವಳಲ್ಲ ಎಂಬುದು ಲಾಯ್‌ದಿಗೆ ಗೊತ್ತಾದದ್ದು ಏಳನೆಯ ವರ್ಷದಲ್ಲಿ, ಊರ ಮಕ್ಕಳ ಬಾಯಿಂದ. ಜಪಾನಿ ಪಿಶಾಚಿ ಎಂದು ಕೂಗುತ್ತ ಅವರು ಹಿಮದ ಉಂಡೆ ಎಸೆದರು. ಅಳುತ್ತ ಮನೆಗೆ ಬಂದಾಗ ಸೂಯುನ್ ಸೋಯಾ ಹಾಲು ತಿರುವುತ್ತಿದ್ದ ಉದ್ದ ಸೌಟನ್ನು ಹಾಗೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮಗಳನ್ನು ಎಳೆದುಕೊಂಡು, ಉಂಡೆ ಎಸೆದ ಹುಡುಗನ ಮನೆಗೆ ಹೋಗಿ ಅಡಿಯಲ್ಲಿ ಬೆಂಕಿ ಹಾಕಿ ಕಾಯಿಸುವ ಅವರ ಬಿಸಿಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬೈಯಲಿಲ್ಲ. ನನ್ನ ಮಗಳಿಗೆ ಹಸಿವಾಗಿದೆ, ಊಟ ಹಾಕಿ ಎಂದಳು. ಹಾಕುವವರೆಗೆ ಏಳಲಿಲ್ಲ. ಆ ಚಳಿಗಾಲ ಲಾಯ್‌ದಿ ಹೀಗೆ ಮೂರು ಮನೆಯಲ್ಲಿ ಉಂಡಳು. ಆಮೇಲೆ ಮಕ್ಕಳು ಬಾಯಿ ತೆರೆದರೆ ಅವರ ತಾಯಂದಿರೇ, ಸುಮ್ಮನಿರೋ, ಸೌಟು ಹಿಡ್ಕೊಂಡು ಬಂದಾಳು ಎಂದು ಗದರತೊಡಗಿದರು.

ಸೂಯುನ್ ಮಗಳಿಗೆ ಹೇಳಿದ ಕತೆ ಚಿಕ್ಕದು. ಯುದ್ಧ ಮುಗಿದ ವರ್ಷ, ನಮ್ಮ ಹೊಲ ಕಿತ್ತುಕೊಂಡು ಕೂತಿದ್ದ ಜಪಾನಿಯರು ದಿಕ್ಕಾಪಾಲಾಗಿ ಓಡಿದರು. ಅವರ ಸೈನ್ಯವೇ ಅವರನ್ನು ಬಿಟ್ಟು ಮೊದಲು ಓಡಿತು. ಉಳಿದ ಹೆಂಗಸರು ಮಕ್ಕಳನ್ನು ಪೇಟೆಯ ದವಸದ ಗೋದಾಮಿನಲ್ಲಿ ತುಂಬಿದ್ದರು. ಚಳಿ ಬಂತು, ಜ್ವರ ಬಂತು. ದಿನಾ ಬೆಳಗ್ಗೆ ಹೆಣ ಹೊರಗೆ ಬರುತ್ತಿತ್ತು. ಮದುವೆಯಾಗಿ ಹದಿಮೂರು ವರ್ಷವಾದರೂ ಮಕ್ಕಳಿಲ್ಲದ ಸೂಯುನ್ ಓರಗಿತ್ತಿಯನ್ನು ಜೊತೆಗೆ ಕರೆದುಕೊಂಡು ಕತ್ತೆಗಾಡಿಯಲ್ಲಿ ಹೋದಳು, ರಜಾಯಿಯಲ್ಲಿ ಮಗು ಸುತ್ತಿಕೊಂಡು ಬಂದಳು. ಲಾಯ್‌ದಿ ಎಂದು ಹೆಸರಿಟ್ಟಳು. ಹಾಗೆಂದರೆ ತಮ್ಮನನ್ನು ಕರೆದುಕೊಂಡು ಬಾ ಎಂದು.

ತಮ್ಮ ಬರಲಿಲ್ಲ. ಬಂದದ್ದು ಗೋಡೆಯ ಮೇಲೆಲ್ಲ ಘೋಷಣೆ ಬರೆದ ಆ ಕೆಟ್ಟ ವರ್ಷಗಳು. ಶತ್ರುವಿನ ಮಗು ಸಾಕಿದವನೆಂದು ಲಾಯ್‌ದಿಯ ತಂದೆಯನ್ನು ಕಾಗದದ ಟೊಪ್ಪಿಗೆ ಹಾಕಿ ವೇದಿಕೆಗೆ ಎಳೆದರು. ಎದೆಗೆ ಬಿದ್ದ ಒದೆತದಿಂದ ಅವನು ಎರಡು ಚಳಿಗಾಲ ಕೆಮ್ಮಿ ತೀರಿಕೊಂಡ. ನಿನ್ನಿಂದ ಹೀಗಾಯಿತು ಎಂದು ಸೂಯುನ್ ಒಂದು ದಿನವೂ ಅನ್ನಲಿಲ್ಲ. ಕತ್ತೆ ಸತ್ತಾಗ ತಾನೇ ಬೀಸುಕಲ್ಲು ಎಳೆದು ತೋಫು ಮಾಡಿ ಮಾರಿದಳು. ಟ್ರ್ಯಾಕ್ಟರ್ ಓಡಿಸುವ ದುವಾನ್‌ಗೆ ಮಗಳನ್ನು ಕೊಟ್ಟು ಅಳಿಯನನ್ನು ಮನೆಯಲ್ಲೇ ಇಟ್ಟುಕೊಂಡಳು. ಮೊಮ್ಮಗಳು ಯಾನ್ ಹುಟ್ಟಿದಳು.

ಮೂರು ವರ್ಷದ ಹಿಂದೆ, ಹೀಗೆ ಉಳಿದುಹೋದ ಜಪಾನಿ ಮಕ್ಕಳು ತಮ್ಮವರನ್ನು ಹುಡುಕಬಹುದೆಂದು ಕಚೇರಿಯಿಂದ ಸುದ್ದಿ ಬಂತು. ಏನಾದರೊಂದು ಗುರುತು ಬೇಕಿತ್ತು. ಲಾಯ್‌ದಿಯ ಬಳಿ ಏನೂ ಇರಲಿಲ್ಲ. ಆ ಸಂಜೆ ಸೂಯುನ್ ತನ್ನ ಹೊಟ್ಟಿನ ದಿಂಬು ಬಿಚ್ಚಿ ಒಂದು ಬಟ್ಟೆಯ ಪಟ್ಟಿ ತೆಗೆದುಕೊಟ್ಟಳು. ಅದರ ಮೇಲೆ ಕೆಂಪು ದಾರದಲ್ಲಿ ಹೆಸರು ಹೊಲಿದಿತ್ತು: ಹೊಸಾಕಾ ಚಿಯೋ.

ಆ ಪಟ್ಟಿಯ ಫೋಟೋ ಜಪಾನಿನ ಪತ್ರಿಕೆಯಲ್ಲಿ ಬಂತು. ಲಾಯ್‌ದಿಯನ್ನು ಟೋಕಿಯೋಗೆ ಕರೆಸಿದರು. ದೊಡ್ಡ ಹಜಾರದಲ್ಲಿ ಬಿಳಿ ಮೇಜಿನ ಆಚೆ ಕೂತಿದ್ದ ಬಡಕಲು ಮನುಷ್ಯನೊಬ್ಬ ಪಟ್ಟಿಯನ್ನು ಕೈಯಲ್ಲಿ ಹಿಡಿದವನೇ, ಇದು ನಮ್ಮಮ್ಮನ ಹೊಲಿಗೆ ಎಂದು ಮೇಜಿಗೆ ಹಣೆ ಹಚ್ಚಿ ಅತ್ತ. ಹೊಸಾಕಾ ಸೇಜಿ. ಗೋದಾಮಿನಲ್ಲಿ ಅವನಿಗೆ ಹನ್ನೊಂದು, ತಂಗಿಗೆ ನಾಲ್ಕು. ಅವನು ಜ್ವರದಲ್ಲಿ ಮೈಮರೆತು ಬಿದ್ದಿದ್ದಾಗ ತಂಗಿಯನ್ನು ಯಾರೋ ಹೆಂಗಸು ಎತ್ತಿಕೊಂಡು ಹೋಗಿದ್ದಳು. ನಿನಗೆ ಏನಾದರೂ ನೆನಪಿದೆಯೇ ಎಂದು ಅವನು ಕೇಳಿದ. ಇಲ್ಲವೆಂದಳು. ಪರವಾಗಿಲ್ಲ ಎಂದ.

ತಮ್ಮನ್ನ ಕೇಳಿದ್ರೆ ದೇವರು ಅಣ್ಣನ್ನ ಕಳಿಸಿದ ನೋಡು ಎಂದು ಊರವರು ಸೂಯುನ್‌ಳನ್ನು ಛೇಡಿಸಿದರು. ಅವಳು ನಗಲಿಲ್ಲ. ತೋಫು ಕತ್ತರಿಸುತ್ತಲೇ ಇದ್ದಳು.

*

ಗುಡ್ಡ ಇಳಿದು ಬಂದ ಚಿಕ್ಕಮ್ಮ ನೇರ ಬೀಸುಕಲ್ಲಿನ ಕೊಟ್ಟಿಗೆಗೆ ಹೋದಳು. ಅಂಗಳದಲ್ಲಿ ಓಲಗದವರು ಊದುತ್ತಿದ್ದರು. ಸತ್ತ ಹೆಂಗಸಿಗಾಗಿ ಸುಡಬೇಕಾದ ಕಾಗದದ ಹಸು ಗಾಳಿಗೆ ತಲೆ ಅಲ್ಲಾಡಿಸುತ್ತ ಬೇಲಿಗೆ ಒರಗಿತ್ತು. ಬರುವವರಿಗೆ ಕಟ್ಟಲು ಬಿಳಿ ಬಟ್ಟೆ ಹರಿಯುವ ಕೆಲಸ ಬಾಕಿಯಿತ್ತು. ಲಾಯ್‌ದಿ ಒಂದು ತುದಿ ಹಿಡಿದಳು, ಚಿಕ್ಕಮ್ಮ ಇನ್ನೊಂದು.

"ಬಾಗಿಲು ಹಾಕು," ಎಂದಳು ಚಿಕ್ಕಮ್ಮ.

ಲಾಯ್‌ದಿ ಬಾಗಿಲು ಹಾಕಿದಳು.

"ಇನ್ನು ಸ್ವಲ್ಪ ಹೊತ್ತಿಗೆ ಆ ಜಪಾನಿ ಮನುಷ್ಯ ಬರ್ತಾನೆ. ಗುಡ್ಡಕ್ಕೂ ಬರ್ತಾನೆ. ಆ ದಿಬ್ಬ ದಾಟ್ಕೊಂಡು ಹೋಗಿ ನಿನ್ನಮ್ಮನಿಗೆ ನಮಸ್ಕಾರ ಮಾಡ್ತಾನೆ. ಕಾಲಲ್ಲಿ ತುಳಿದ್ರೂ ಅವನಿಗೆ ಗೊತ್ತಾಗಲ್ಲ. ಆ ಪಾಪ ನನ್ನ ತಲೆಗೆ ಬೇಡ, ಲಾಯ್‌ದಿ. ನಾನೂ ಇನ್ನೆಷ್ಟು ದಿನ."

"ಏನು ಚಿಕ್ಕಮ್ಮ ಅದು?"

"ಅವತ್ತು ನಾವು ತಂದಿದ್ದು ಒಂದಲ್ಲ. ಎರಡು."

ಬಟ್ಟೆ ಲಾಯ್‌ದಿಯ ಕೈಯಿಂದ ಜಾರಲಿಲ್ಲ. ಅವಳು ಅದನ್ನು ಇನ್ನೂ ಬಿಗಿಯಾಗಿ ಹಿಡಿದಳು.

ಚಿಕ್ಕಮ್ಮ ಆಗ ಹದಿನೆಂಟರ ಹೊಸ ಸೊಸೆ. ಗೋದಾಮಿನ ಬಾಗಿಲಲ್ಲೇ ಅವಳಿಗೆ ವಾಂತಿಯಾಗಿತ್ತಂತೆ. ಸೂಯುನ್ ಒಳಗೆ ಹೋಗಿ ಸತ್ತ ತಾಯಿಯ ಪಕ್ಕದಿಂದ ನಾಲ್ಕು ವರ್ಷದ ಹುಡುಗಿಯನ್ನು ಎತ್ತಿಕೊಂಡಳು. ಅದರ ಅಂಗಿಯ ಎದೆಗೆ ಹೆಸರಿನ ಪಟ್ಟಿ ಇತ್ತು. ಹೊರಗೆ ಬರುವಾಗ ಇನ್ನೊಂದು ಮಗು, ಅದಕ್ಕಿಂತ ಚಿಕ್ಕದು, ಚಿಕ್ಕಮ್ಮನ ಕೋಟಿನ ಅಂಚು ಹಿಡಿದುಕೊಂಡಿತು. ಅಳಲಿಲ್ಲ, ಬಿಡಲೂ ಇಲ್ಲ. ಅದರ ಮೈಮೇಲೆ ಪಟ್ಟಿಯಿರಲಿ, ಅಂಗಿಯೇ ಇರಲಿಲ್ಲ. ಯಾರೋ ಗೋಣಿ ಸುತ್ತಿದ್ದರು. ಯಾರದೆಂದು ಕೇಳಿದರೆ ಒಳಗಿದ್ದವರು ಯಾರೂ ತಲೆ ಎತ್ತಲಿಲ್ಲ. ಒಂದಕ್ಕೆ ಬೇಯಿಸೋ ಗಂಜೀಲಿ ಎರಡಕ್ಕೂ ಆಗುತ್ತೆ ಎಂದು ಸೂಯುನ್ ಅದನ್ನೂ ಗಾಡಿಗೆ ಹಾಕಿದಳು.

"ಪಟ್ಟಿ ಇದ್ದಿದ್ದು ಆರನೇ ದಿನ ಹೋಯ್ತು. ಜ್ವರ. ನಿನ್ನಮ್ಮನ ಮಡಿಲಲ್ಲೇ ಹೋಯ್ತು. ಆಗೆಲ್ಲ ಅಷ್ಟು ಚಿಕ್ಕ ಮಕ್ಕಳಿಗೆ ಗೋರಿ ಮಾಡ್ತಿರಲಿಲ್ಲ, ಹುಲ್ಲಲ್ಲಿ ಸುತ್ತಿ ಕಾಡಂಚಲ್ಲಿ ಇಟ್ಟು ಬರೋದು. ನಿಮ್ಮಪ್ಪ ಕೇಳಲಿಲ್ಲ. ಆರು ದಿನ ನನ್ನ ಮನೇಲಿ ಉಂಡಿದೆ, ನಮ್ಮ ಜಾಗದಲ್ಲೇ ಇರಲಿ ಅಂದ."

"ಗೋಣಿ ಸುತ್ತಿದ್ದು?"

ಚಿಕ್ಕಮ್ಮ ಕೈ ಚಾಚಿ ಲಾಯ್‌ದಿಯ ಕೋಟಿನ ಅಂಚನ್ನು ಒಮ್ಮೆ ಹಿಡಿದು ಬಿಟ್ಟಳು.

ಹೊರಗೆ ಓಲಗ ನಿಂತಿತು, ಮತ್ತೆ ಶುರುವಾಯಿತು. ಲಾಯ್‌ದಿ, ಅಮ್ಮ ಯಾಕೆ ಹೀಗೆ ಮಾಡಿದಳು ಎಂದು ಕೇಳಿದಳು. ತಾನೂ ಅದನ್ನೇ ಕೇಳಿದ್ದೆ, ಜಗಳವನ್ನೇ ಆಡಿದ್ದೆ ಎಂದಳು ಚಿಕ್ಕಮ್ಮ.

"ಅವಳು ಏನಂದಳು ಗೊತ್ತಾ? ಹೆಸರಿಲ್ಲದ ಮಗು ಒಂದು, ಮಗುವಿಲ್ಲದ ಹೆಸರು ಒಂದು. ಎರಡನ್ನೂ ಗಂಟು ಹಾಕಿದೀನಿ, ನೀನು ಬಿಚ್ಚಬೇಡ ಅಂದಳು. ನನ್ನ ಮಗಳು ರೇಡಿಯೋ ಮುಂದೆ ನಿಂತ್ಕೊಂಡು ಕಳೆದುಹೋದೋರ ಹೆಸರು ಕೇಳೋದನ್ನ ನನ್ನ ಕೈಲಿ ನೋಡೋಕಾಗಲ್ಲ ಅಂದಳು."

*

ಹೋದ ಶರತ್ಕಾಲದಲ್ಲಿ ಕಚೇರಿಯವನು ಒಪ್ಪಿಗೆ ಪತ್ರ ಹಿಡಿದುಕೊಂಡು ಬಂದಿದ್ದ. ಸಾಕಿದವರು ಬದುಕಿದ್ದರೆ ಅವರ ಒಪ್ಪಿಗೆಯಿಲ್ಲದೆ ಕಳಿಸುವಂತಿರಲಿಲ್ಲ. ಮಗಳು, ಅಳಿಯ, ಮೊಮ್ಮಗಳು ಮೂವರೂ ಜಪಾನಿಗೆ ಹೋಗಿ ಅಲ್ಲೇ ನೆಲೆಸಲು ನಿನ್ನ ತಕರಾರು ಇದೆಯೇ ಎಂದು ಕೇಳಿದ. ಅಂಗಳದಲ್ಲಿ ಸೋಯಾ ಕಾಯಿ ಬಡಿಯುತ್ತಿದ್ದ ಸೂಯುನ್ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಹೋಗಲಿ ಅಂತ ಬರ್ಕೋ."

ನೀನೂ ಬಾ ಎಂದು ಲಾಯ್‌ದಿ ಎಷ್ಟೋ ಹೇಳಿದ್ದಳು. ಆ ನೀರಿನ ತೋಫು ಹೇಗಿರುತ್ತೋ ಏನೋ ಎಂದು ಅಮ್ಮ ಮಾತು ಹಾರಿಸಿದ್ದಳು. ಕಚೇರಿಯವನು ಹೋದ ಮೇಲೆ ಮಾತ್ರ, ಕೋಲು ಕೆಳಗಿಟ್ಟು, ಮಗಳ ಕಡೆ ತಿರುಗದೆ ಒಂದು ಮಾತು ಆಡಿದಳು.

"ಒಂದ್ಸಲ ಹೊತ್ಕೊಂಡ ಹೆಸರನ್ನ ಕೆಳಗಿಡಬೇಡ. ಭಾರ ಅನ್ನಿಸಿದ್ರೂ."

ಅಪ್ಪನ ಮನೆತನದ ಹೆಸರನ್ನು ಹೇಳುತ್ತಿದ್ದಾಳೆ ಎಂದುಕೊಂಡು ಲಾಯ್‌ದಿ ಹೂಂಗುಟ್ಟಿದ್ದಳು.

*

ಜೀಪು ಬಂದಾಗ ಅಂಗಳ ಸದ್ದಡಗಿತು. ಕರಿ ಕೋಟಿನ ತೆಳ್ಳಗಿನ ಮನುಷ್ಯ ಇಳಿದ. ಜೊತೆಗೆ ಕಚೇರಿಯ ದುಭಾಷಿ, ಬಾಯ್ ಎಂಬ ಹುಡುಗಿ. ಇವರಪ್ಪಂದಿರೇ ಇರಬೇಕು ನಮ್ಮ ಎತ್ತು ಹೊಡ್ಕೊಂಡು ಹೋದೋರು ಎಂದು ಮುದುಕನೊಬ್ಬ ಸಾಕಷ್ಟು ಜೋರಾಗಿಯೇ ಅಂದ. ಬಾಯ್ ಅದನ್ನು ಭಾಷಾಂತರಿಸಲಿಲ್ಲ. ಹೊಸಾಕಾ ಯಾರನ್ನೂ ನೋಡದೆ ಶವಪೆಟ್ಟಿಗೆಯ ಮುಂದೆ ಹೋಗಿ, ಹಿಮದ ಮೇಲೆ ಮಂಡಿಯೂರಿ, ಹಣೆ ನೆಲಕ್ಕೆ ಒತ್ತಿದ. ಒತ್ತಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಹಣೆಗೆ ಹಿಮ ಮೆತ್ತಿತ್ತು. ಮುದುಕ ಬೇರೆ ಕಡೆ ಮುಖ ತಿರುಗಿಸಿದ.

ಅವನು ಲಾಯ್‌ದಿಯ ಎರಡೂ ಕೈ ಹಿಡಿದು, ಚಿಯೋ ಎಂದ. ಮೂರು ವರ್ಷದಿಂದ ಆ ಕರೆಗೆ ಓಗೊಡುತ್ತಿದ್ದ ಲಾಯ್‌ದಿಗೆ ಇವತ್ತು ನಾಲಿಗೆ ಏಳಲಿಲ್ಲ. ಅಮ್ಮನ ದುಃಖ ಎಂದು ಎಲ್ಲರೂ ತಿಳಿದರು.

ಬಾಯ್ ಪಕ್ಕಕ್ಕೆ ಕರೆದು ಆತುರದ ಸುದ್ದಿ ಹೇಳಿದಳು. ಹೊಸಾಕಾ ಸಾವಿನ ಸುದ್ದಿಗೆ ಮೊದಲೇ ಊರಿಗೆ ಹೊರಟಿದ್ದು ಇದಕ್ಕೇ, ಜಾಮೀನು ಪತ್ರ ತಂದಿದ್ದಾರೆ. ಇಂಥವಳು ನನ್ನ ತಂಗಿ ಎಂದು ಇಲ್ಲೇ ಮುದ್ರೆ ಒತ್ತಿಕೊಟ್ಟರೆ ಹೊಸ ವರ್ಷದ ರಜೆಗೆ ಮೊದಲು ಕಾಗದ ಮುಂದೆ ಹೋಗುತ್ತದೆ. ಮಧ್ಯಾಹ್ನ ದಾಟಿದರೆ ಘಟ್ಟದ ದಾರಿ ಹಿಮದಲ್ಲಿ ಮುಚ್ಚಿಕೊಳ್ಳುತ್ತದೆ.

ಲಾಯ್‌ದಿ ಗಂಡನನ್ನು ಹುಲ್ಲಿನ ಬಣವೆಯ ಹಿಂದಕ್ಕೆ ಕರೆದು ಎಲ್ಲ ಹೇಳಿದಳು. ದುವಾನ್ ಮೆಲ್ಲ ಮನುಷ್ಯ. ಕೇಳುತ್ತ ಕೇಳುತ್ತ ಅವನ ಮುಖ ಕಪ್ಪಿಟ್ಟಿತು.

"ಇನ್ಯಾರಿಗೆ ಗೊತ್ತು?"

"ಚಿಕ್ಕಮ್ಮನಿಗೆ."

"ಅವಳು ಆಡಲ್ಲ. ನೀನೂ ಆಡಬೇಡ. ಯಾನ್ ಕೆಲಸ ಬಿಟ್ಟಿದಾಳೆ, ಆ ಭಾಷೆ ಓದಿ ಓದಿ ಕಣ್ಣು ಕೆಡಿಸ್ಕೊಂಡಿದಾಳೆ. ಟ್ರ್ಯಾಕ್ಟರ್ ಇನ್ನೊಬ್ಬನಿಗೆ ಬರ್ಕೊಟ್ಟಾಯ್ತು. ಸತ್ತ ಮಗುವಿಗೆ ಊರು ಬೇಕಿಲ್ಲ, ಲಾಯ್‌ದಿ. ನಮಗೆ ಬೇಕು."

"ಅವನ ತಂಗಿ ಅಲ್ಲಿ ಮಲಗಿದಾಳೆ. ಅವನು ನನ್ನ ಕೈ ಹಿಡ್ಕೋತಿದಾನೆ."

"ಹಿಡ್ಕೊಳ್ಳಲಿ. ನಲವತ್ತು ವರ್ಷ ಹುಡುಕಿದೋನು. ಅದನ್ನೂ ಕಿತ್ಕೋತೀಯಾ ಅವನಿಂದ?"

ಆ ದಿನವೆಲ್ಲ ಅವಳನ್ನು ಹೆಚ್ಚು ಹೆದರಿಸಿದ್ದು ಇದೇ ಮಾತು.

ಪೆಟ್ಟಿಗೆಗೆ ಮೊಳೆ ಹೊಡೆಯುವ ಹೊತ್ತಾಯಿತು. ಪ್ರತಿ ಏಟಿಗೂ ಮನೆಯವರು, ಅಮ್ಮಾ ಮೊಳೆ ತಪ್ಪಿಸ್ಕೋ, ಅಜ್ಜಿ ಮೊಳೆ ತಪ್ಪಿಸ್ಕೋ ಎಂದು ಕೂಗಬೇಕು. ಕೂಗಿದರು. ಆಮೇಲೆ ಕ್ರಿಯೆ ನಡೆಸುವ ಹಿರಿಯ ಬೂದಿ ತುಂಬಿದ ಮಣ್ಣಿನ ಬಟ್ಟಲನ್ನು ಪೆಟ್ಟಿಗೆಯ ಮುಂದಿಟ್ಟು, ಬಟ್ಟಲು ಒಡೆಯೋರು ಯಾರು ಎಂದು ಕೇಳಿದ. ಬಟ್ಟಲು ಒಡೆಯುವವನೇ ಸತ್ತವರ ಮಗ. ಒಡೆಯದೆ ಹೆಣ ಏಳುವಂತಿಲ್ಲ. ಇದು ಮೊನ್ನೆಯೇ ತೀರ್ಮಾನವಾಗಿತ್ತು. ವಸಂತದಲ್ಲಿ ಊರು ಬಿಡುವವಳು ನಾನು, ಹೆಣ್ಣು ಬೇರೆ, ದೆಶೆಂಗ್‌ನೇ ಒಡೆಯಲಿ, ಮನೆಯೂ ಅವನಿಗೇ ಇರಲಿ ಎಂದು ಲಾಯ್‌ದಿಯೇ ಒಪ್ಪಿದ್ದಳು. ದೆಶೆಂಗ್ ತೋಳು ಮಡಿಚಿಕೊಂಡು ಮುಂದೆ ಬಂದ.

ಲಾಯ್‌ದಿ ಅವನಿಗಿಂತ ಮೊದಲು ಬಗ್ಗಿ ಬಟ್ಟಲನ್ನು ಎತ್ತಿಕೊಂಡಳು.

"ಅಕ್ಕ, ಏನಿದು? ಮಾತಾಗಿತ್ತಲ್ಲ. ನಾಳೆ ಜಪಾನಿಗೆ ಹೋಗಿ ಹೊಸಾಕಾ ಆಗೋಳು ನೀನು. ನಮ್ಮ ಮನೆತನದ ಬಟ್ಟಲು ನಿನಗ್ಯಾಕೆ?"

"ಮನೆ ನಿನಗೇ ಇರಲಿ. ಬಟ್ಟಲು ಕೊಡಲ್ಲ."

"ಊರು ಏನನ್ನುತ್ತೆ?"

"ನನಗೆ ಇವಳನ್ನ ಬಿಟ್ರೆ ಇನ್ಯಾರೂ ಇಲ್ಲ, ದೆಶೆಂಗ್. ಒಬ್ಬರೂ ಇಲ್ಲ."

ದೆಶೆಂಗ್ ಹಿಂದೆ ಸರಿದ. ಆ ಹಿರಿಯನು ಚಿಕ್ಕಮ್ಮನ ಕಡೆ ನೋಡಿದ. ಚಿಕ್ಕಮ್ಮ ತಲೆಯಾಡಿಸಿದಳು. ಲಾಯ್‌ದಿ ಬಟ್ಟಲನ್ನು ತಲೆಯ ಮೇಲಕ್ಕೆ ಎತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಿದಳು. ಒಂದೇ ಏಟಿಗೆ ಚೂರಾಯಿತು. ಬೂದಿ ಎದ್ದು ಅವಳ ಮುಖಕ್ಕೆ, ಬಿಳಿ ಬಟ್ಟೆಗೆ ಮೆತ್ತಿಕೊಂಡಿತು. ಓಲಗದವರು ಉಸಿರು ಕಟ್ಟಿ ಊದಿದರು. ಪೆಟ್ಟಿಗೆ ನೆಲ ಬಿಟ್ಟು ಎದ್ದಿತು.

*

ಮಣ್ಣು ಹಾಕುವ ಕೆಲಸ ಬೇಗ ಮುಗಿಯಿತು. ಹೆಪ್ಪುಗಟ್ಟಿದ ಹೆಂಟೆಗಳು ಪೆಟ್ಟಿಗೆಯ ಮೇಲೆ ಕಲ್ಲಿನ ಹಾಗೆ ದಡದಡನೆ ಬಿದ್ದವು. ಕಾಗದದ ಹಸುವಿಗೆ ಬೆಂಕಿ ಇಟ್ಟರು. ಗಾಳಿಗೆ ಅದು ಕಣ್ಣುಮುಚ್ಚಿ ಬಿಡುವುದರೊಳಗೆ ಉರಿದು ಬಿದಿರಿನ ಎಲುಬಾಯಿತು. ಗೋರಿಯಿಂದ ಇಳಿಯುವಾಗ ಹಿಂದಿರುಗಿ ನೋಡಬಾರದು. ಜನ ಕತ್ತು ಬಗ್ಗಿಸಿಕೊಂಡು ಸಾಲಾಗಿ ಇಳಿದರು. ಬಾಯ್ ಜೀಪು ಬಿಸಿ ಮಾಡಿಸುತ್ತೇನೆಂದು ಮೊದಲೇ ಓಡಿದ್ದಳು.

ಲಾಯ್‌ದಿ ನಿಂತಳು. ದುವಾನ್ ಅವಳ ತೋಳು ಹಿಡಿದ, ಅವಳು ಬಿಡಿಸಿಕೊಂಡಳು. ಅವನು ಮಗಳ ಭುಜದ ಮೇಲೆ ಕೈಹಾಕಿ ಇಳಿದುಹೋದ. ಒಮ್ಮೆ ಮಾತ್ರ ಹಿಂದಿರುಗಿ ನೋಡಿದ.

ಹೊಸಾಕಾ ಹೊಸ ಗೋರಿಯ ಮುಂದೆ ಇನ್ನೂ ಕೈಮುಗಿದು ನಿಂತಿದ್ದ. ಇಬ್ಬರ ನಡುವೆ ಭಾ‍ಷೆಯೆಂದರೆ ನಾಲ್ಕಾರು ಮಾತು. ಯುದ್ಧದ ಮರು ವರ್ಷ ಇಲ್ಲಿಯವರೊಬ್ಬರ ಹಂದಿ ಕಾಯುತ್ತ ಅವನು ಕಲಿತದ್ದು ಅವನಿಗೆ, ಮಗಳ ಪುಸ್ತಕ ಇಣುಕಿ ಕಲಿತದ್ದು ಅವಳಿಗೆ. ಲಾಯ್‌ದಿ ಅವನ ತೋಳಿನ ಬಟ್ಟೆ ಹಿಡಿದಳು. ಅಪ್ಪನ ಗೋರಿಯ ಆಚೆಗೆ ಏಳು ಹೆಜ್ಜೆ ನಡೆಸಿಕೊಂಡು ಹೋಗಿ ಆ ಪುಟ್ಟ ದಿಬ್ಬದ ಮುಂದೆ ನಿಲ್ಲಿಸಿದಳು.

"ಇದು?" ಎಂದ ಅವನು.

"ಮಗು."

ಅವನು ಮರ್ಯಾದೆಗೆಂದು ತಲೆ ಬಾಗಿದ. ಅಲ್ಲಿಗೆ ಮುಗಿಯಿತೆಂದು ತಿರುಗಿದ. ಅವಳು ಬಟ್ಟೆ ಬಿಡಲಿಲ್ಲ.

"ಯಾರು?"

ಅವಳು ಬಲಗೈಯ ನಾಲ್ಕು ಬೆರಳು ತೋರಿಸಿದಳು. ಆಮೇಲೆ ಎರಡೂ ಕೈಗಳಿಂದ ಆರು. ಆರು ಹಗಲು ಎಂದು ಸೂರ್ಯನ ಕಡೆ ತೋರಿಸಿದಳು. ಅವನಿಗೆ ಅರ್ಥವಾಗಲಿಲ್ಲ. ಸುಮ್ಮನಿದ್ದುಬಿಡಲು ಅದು ಕೊನೆಯ ಅವಕಾಶವೆಂದು ಅವಳಿಗೆ ಗೊತ್ತಿತ್ತು. ಕೆಳಗೆ ಜೀಪಿನ ಎಂಜಿನ್ ಕೆಮ್ಮಿ ಹೊತ್ತಿಕೊಂಡಿತು.

"ಚಿಯೋ," ಎಂದಳು.

ಹೊಸಾಕಾ ಅವಳ ಮುಖ ನೋಡಿದ. ಅವಳು ತನ್ನ ಹೆಸರು ಹೇಳುತ್ತಿದ್ದಾಳೆಂದು ನಕ್ಕ. ಅವಳು ನಗದೆ, ಕಣ್ಣು ತೆಗೆಯದೆ, ದಿಬ್ಬದ ಕಡೆ ಕೈ ಚಾಚಿಕೊಂಡೇ ಇದ್ದಳು. ನಗೆ ಅವನ ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಉಳಿದು, ಯಾರೋ ಒಳಗಿನಿಂದ ದೀಪ ಒಯ್ದಂತೆ ಆರಿತು. ಅವನು ಬೈಯುತ್ತಾನೆಂದು ಅವಳು ಕಾದಳು. ಹೊಡೆದರೂ ಸರಿಯೇ ಎಂದು ನಿಂತಳು.

ಅವನು ಕೂತ. ಕೈಗವಸು ಕಳಚಿ, ದಿಬ್ಬದ ಮೇಲಿನ ಹಿಮವನ್ನು ಒಂದು ತುದಿಯಿಂದ ಬರಿಗೈಯಲ್ಲಿ ಸರಿಸತೊಡಗಿದ. ಸರಿಸುತ್ತ ಸರಿಸುತ್ತ ಬಂದು ಬೇಗನೆ ಇನ್ನೊಂದು ತುದಿ ಮುಟ್ಟಿದ. ಅಷ್ಟೇ ಉದ್ದವೇ ಎಂಬಂತೆ ಒಮ್ಮೆ ಹಿಂದಕ್ಕೆ ನೋಡಿದ. ಆಮೇಲೆ ಆ ತುದಿಯ ಮಣ್ಣನ್ನು ಎರಡು ಅಂಗೈಗಳ ನಡುವೆ ಹಿಡಿದು, ಬಾಯಿಂದ ಬಿಸಿ ಉಸಿರು ಊದಿ, ಉಜ್ಜಿದ. ಚಳಿಯಲ್ಲಿ ಆಡಿ ಬಂದ ಮಗುವಿನ ಕಾಲು ಉಜ್ಜುವ ಹಾಗೆ, ಊದಿ ಉಜ್ಜಿದ, ಊದಿ ಉಜ್ಜಿದ. ಅವನ ಬೆರಳಿನ ಸಂದಿನಲ್ಲಿ ರಕ್ತ ಕಂಡಿತು. ಲಾಯ್‌ದಿ ತಡೆಯಲಿಲ್ಲ. ಕೆಳಗಿನಿಂದ ಬಾಯ್ ಎರಡು ಸಲ ಹಾರ್ನ್ ಮಾಡಿಸಿದಳು.

ಏಳುವಾಗ ಅವನು ಒಂದೇ ಮಾತು ಕೇಳಿದ, ಹಂದಿ ಕಾಯುವವರ ಮಾತಿನಲ್ಲಿ.

"ಒಬ್ಬಳೇ?"

"ಇಲ್ಲ," ಎಂದಳು ಲಾಯ್‌ದಿ. ಎರಡು ತೋಳು ಮಡಿಚಿ, ಮಡಿಲಲ್ಲಿ ಮಗು ಹಿಡಿದ ಹಾಗೆ ತೋರಿಸಿ, ಹೊಸ ಗೋರಿಯ ಕಡೆ ತಲೆಯಾಡಿಸಿದಳು. "ಅಮ್ಮ."

*

ಇಬ್ಬರೂ ಒಬ್ಬರ ಹಿಂದೊಬ್ಬರು ಇಳಿದರು. ಕೆಳಗೆ ದುವಾನ್, ಯಾನ್, ಚಿಕ್ಕಮ್ಮ ಜೀಪಿನ ಪಕ್ಕ ನಿಂತಿದ್ದರು. ಹೊಸಾಕಾನ ಕೈ ನೋಡಿದ ದುವಾನ್‌ಗೆ ಎಲ್ಲ ತಿಳಿಯಿತು. ಅವನು ಹೆಂಡತಿಯನ್ನು ನೋಡಲಿಲ್ಲ, ಮಗಳನ್ನು ನೋಡಿದ. ಯಾನ್‌ಗೆ ಏನೂ ತಿಳಿಯದು. ಕಲಿತ ಭಾಷೆಯಲ್ಲಿ, ಮಾವ, ಚಳಿಯಾಯಿತೇ ಎಂದು ಕೇಳಿದಳು. ಅವನು ಅವಳನ್ನು ದಿಟ್ಟಿಸಿ ನೋಡಿದ.

ಬಾಯ್ ಕಾಗದವನ್ನು ಜೀಪಿನ ಮೂತಿಯ ಮೇಲೆ ಹರಡಿ ಹಾರದಂತೆ ಮೊಣಕೈ ಊರಿದಳು. ಹೊತ್ತಾಯಿತು, ಬೇಗ ಎಂದಳು. ಹೊಸಾಕಾ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಓದಿದ್ದನ್ನೇ ಇನ್ನೊಮ್ಮೆ ಓದಿದ. ಚಿಕ್ಕಮ್ಮ ಕೋಲಿನ ಮೇಲೆ ಕಣ್ಣಿಟ್ಟಳು. ಲಾಯ್‌ದಿ ಕೈಕಟ್ಟಿ ನಿಂತಿದ್ದಳು. ಇನ್ನು ಏನಾದರೂ ಆಗಲಿ, ತಾನು ಮಾಡಬೇಕಾದ್ದು ಮುಗಿಯಿತು ಎಂದು ಅವಳಿಗನ್ನಿಸಲಿಲ್ಲ. ಮಗಳ ಮುಖ ನೋಡಲೂ ಧೈರ್ಯವಿರಲಿಲ್ಲ.

ಅವನು ಒಳಜೇಬಿನಿಂದ ಮುದ್ರೆಯನ್ನೂ ಕೆಂಪು ಮಸಿಯ ಪುಟ್ಟ ಡಬ್ಬಿಯನ್ನೂ ತೆಗೆದ. ಮುದ್ರೆಯನ್ನು ಮಸಿಗೆ ಅದ್ದಿ ಕಾಗದದ ಮೇಲೆ ಒತ್ತಿದ. ಮಸಿ ಹೆಪ್ಪುಗಟ್ಟಿತ್ತು. ಹೊಸಾಕಾ ಎಂಬ ಮನೆತನದ ಹೆಸರು ಅರ್ಧವೇ ಮೂಡಿತು.

ಇದು ನಡೆಯಲ್ಲ, ಪೂರ್ತಿ ಮೂಡಬೇಕು ಎಂದಳು ಬಾಯ್.

ಹೊಸಾಕಾ ಡಬ್ಬಿಯನ್ನು ಅಂಗಿಯೊಳಗೆ, ಕಂಕುಳಲ್ಲಿ ಇಟ್ಟುಕೊಂಡು ನಿಂತ. ಗಾಳಿ ಹಿಮದ ಪುಡಿಯನ್ನು ಎತ್ತಿ ಎತ್ತಿ ಜೀಪಿನ ಗಾಜಿಗೆ ಎರಚಿತು. ಸುಮಾರು ಹೊತ್ತಿನ ಮೇಲೆ ಅವನು ಡಬ್ಬಿ ಹೊರತೆಗೆದು, ಮುದ್ರೆಯನ್ನು ಮತ್ತೆ ಅದ್ದಿ, ಮೊದಲಿನದರ ಪಕ್ಕದಲ್ಲೇ ಎರಡೂ ಕೈಯಿಂದ ಅದುಮಿ ಒತ್ತಿದ. ಈ ಸಲ ಹೆಸರು ಪೂರ್ತಿ, ನೆತ್ತರಿನಷ್ಟು ಕೆಂಪಗೆ ಮೂಡಿತು.

ಬಾಯ್ ಅರ್ಧ ಮೂಡಿದ್ದನ್ನು ಹೊಡೆದುಹಾಕಲೆಂದು ಪೆನ್ನು ತೆಗೆದಳು. ಹೊಸಾಕಾ ಗುಡ್ಡದ ಮೇಲಿನ ಪುಟ್ಟ ದಿಬ್ಬದ ಕಡೆ ಒಮ್ಮೆ ನೋಡಿ, ಅದರ ಮೇಲೆ ತನ್ನ ಅಂಗೈ ಇಟ್ಟು ಮುಚ್ಚಿದ. ಅವಳು ಕಾಗದ ಎಳೆದುಕೊಳ್ಳಲು ನೋಡಿದಳು. ಅವನು ಕೈ ತೆಗೆಯಲಿಲ್ಲ.